ಯಾವ ಮರ ನೆಡಲಿ ಎಂದು ಕೇಳಿದವನಿಗೆ

ನೆಸ್ಟರ್‌ಗೆ,

ನಿನ್ನ ಕಾಗದ ತಲುಪಿತು. ಮೊದಲ ಪುಟದ ತುಂಬ ಪಡುವಣ ಕಡಲ ತಡಿಯ ನಿಮ್ಮ ವಿಕ್ಟೋರಿಯಾದ ಹವೆ, ಫೆಬ್ರವರಿಯಲ್ಲೇ ನಿನ್ನ ಬಾಗಿಲಲ್ಲಿ ಅರಳಿದ ಹೂವು, ನಿನ್ನ ಹೆಂಡತಿಯ ಯೋಗದ ತರಗತಿ. ಎರಡನೆಯ ಪುಟದ ಅಡಿಯಲ್ಲಿ, ಜಾಗ ಉಳಿದಿತ್ತೆಂದು ಸೇರಿಸಿದ ಹಾಗೆ, ಒಂದು ಮಾತು: ‘ನಾನು ಹಾಕಿದ ಮರಗಳೆಲ್ಲ ಹೋದವಂತೆ. ಈ ಸಲ ನೀನು ಹೇಳಿದ ಹಾಗೇ ಮಾಡುತ್ತೇನೆ. ಅಲ್ಲಿನ ಚಳಿಗೆ ಯಾವ ಮರ ಸರಿ, ಬರೆದು ಕಳಿಸು.’

ಕೇಳಿ ಮಾಡುವ ಅಭ್ಯಾಸ ನಿನಗೆ ಯಾವಾಗ ಬಂತು? ಹೋದ ವರ್ಷ ಸೆಪ್ಟೆಂಬರಿನಲ್ಲಿ ನನ್ನದೇ ಅಡುಗೆಮನೆಯಲ್ಲಿ ಕೂತು, ನಾನು ಮಾಡಿದ ಚೆರ್ರಿ ಕಡುಬನ್ನು ಮೂರು ಸಲ ಬಡಿಸಿಕೊಂಡು ತಿನ್ನುವಾಗ ಬರಲಿಲ್ಲವಲ್ಲ. ಆವತ್ತು ನೀನು ಕೇಳದೆಯೇ ನಾನು ಎಷ್ಟೊಂದು ಹೇಳಿದ್ದೆ. ನೀನು ಮೂವತ್ತು ವರ್ಷ ಕಡಲ ತಡಿಯಲ್ಲಿ ಸಿರಿವಂತರ ತೋಟ ಮಾಡಿಕೊಟ್ಟವನು. ಅಲ್ಲಿ ಊರುಗೋಲು ನೆಟ್ಟರೂ ಚಿಗುರುತ್ತದೆ. ಅದನ್ನು ನೀನು ನಿನ್ನ ಕೈಗುಣ ಅಂದುಕೊಂಡೆ.

ನಿನಗೆ ಗೊತ್ತಿಲ್ಲದ್ದನ್ನು ಮೊದಲು ಹೇಳುತ್ತೇನೆ. ಅಪ್ಪ ಗಾಳಿ ತಡೆಯಲು ಮರಗಳ ಆ ಬೇಲಿಸಾಲು ನೆಟ್ಟಾಗ ನೀನು ತೊಟ್ಟಿಲಲ್ಲಿದ್ದೆ. ನನಗೆ ಎಂಟು ವರ್ಷ. ವಾಯವ್ಯದ ಅಂಚಿಗೆ, ಗಾಳಿ ಬರುವ ಕಡೆಗೆ, ಹೊರಗಿನ ಸಾಲು ಕರಗಾನ ಪೊದೆ, ನಡುವೆ ಮ್ಯಾನಿಟೋಬಾ ಮೇಪಲ್, ಒಳಗೆ ಸ್ಪ್ರೂಸ್. ಹೊಲದಾಚೆಯ ಹೊಂಡದಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತರುವುದು ನನ್ನ ಕೆಲಸ. ಒಂದು ಸಸಿಗೆ ಒಂದು ಡಬ್ಬಿ ನೀರು. ದಾರಿಯಲ್ಲಿ ಚೆಲ್ಲಿದರೆ ಅಪ್ಪ ಬೈಯುತ್ತಿರಲಿಲ್ಲ, ಖಾಲಿ ಬಕೆಟ್ಟನ್ನು ಸುಮ್ಮನೆ ತಿರುಗಿ ನನ್ನ ಕೈಗೆ ಕೊಡುತ್ತಿದ್ದರು. ಅಮ್ಮ ಕಿಟಕಿಯಿಂದ ಕೂಗುತ್ತಿದ್ದಳು, “ಮಗೂನ ಕೊಲ್ತೀರೇನ್ರೀ, ಒಳಗೆ ಕಳ್ಸಿ.” ಅಪ್ಪ ಅನ್ನುತ್ತಿದ್ದರು, “ಇವತ್ತು ಇವಳು ನೀರು ಹೊತ್ರೆ ನಾಳೆ ಇವಳ ಮಕ್ಳು ಬೆಚ್ಚಗಿರ್ತಾರೆ ಕಣೇ.” ನನಗೆ ಮಕ್ಕಳಾಗಲಿಲ್ಲ. ಬೆಚ್ಚಗಿದ್ದದ್ದು ನನ್ನ ತೋಟ.

ಆ ಪೊದೆಗಳು ಚೆಲುವಾಗಿರಲಿಲ್ಲ, ಒಪ್ಪುತ್ತೇನೆ. ಕರಗಾನ ಎಂದರೆ ಕೋಲು, ಮುಳ್ಳು, ಜೂನಿನಲ್ಲಿ ನಾಲ್ಕು ದಿನ ಹಳದಿ ಹೂವು, ಆಗಸ್ಟಿನ ಬಿಸಿಲಿಗೆ ಪಟಪಟ ಸಿಡಿಯುವ ಕಾಯಿ. ಆದರೆ ಜನವರಿಯ ಗಾಳಿ ಅದಕ್ಕೆ ಬಡಿದು ಮೇಲೇಳುತ್ತಿತ್ತು, ನಮ್ಮ ತಲೆಯ ಮೇಲೆ ಹಾದು ಹೋಗುತ್ತಿತ್ತು. ಗಾಳಿ ಹೊತ್ತು ತಂದ ಹಿಮವೆಲ್ಲ ಬೇಲಿಯ ಈಚೆ ನಿಧಾನಕ್ಕೆ ಇಳಿದು ನನ್ನ ಚೆರ್ರಿ ಗಿಡಗಳ ಬುಡಕ್ಕೆ ಕಂಬಳಿ ಹೊದಿಸುತ್ತಿತ್ತು. ಏಪ್ರಿಲಿನಲ್ಲಿ ಅದೇ ಕರಗಿ ಬೇರಿಗೆ ನೀರಾಗುತ್ತಿತ್ತು. ಸಸ್ಕಾಚೆವಾನಿನ ಈ ಬಯಲಿನಲ್ಲಿ ಯಾರ ಮನೆಗೂ ಬೇಲಿಸಾಲು ಇಲ್ಲದೆ ಅಂಗಳವಿಲ್ಲ. ಮನೆ ಕಟ್ಟುವ ಮುಂಚೆ ಅದನ್ನು ನೆಡುತ್ತಾರೆ.

ಅಪ್ಪ ಸಾಯುವ ಮುಂಚೆ ಬೇಲಿಯಿದ್ದ ಬಡಗಣ ತುಂಡನ್ನು ನಿನಗೆ ಬರೆದರು, ಬೇಲಿಯ ಮರೆಯಲ್ಲಿದ್ದ ತೋಟವನ್ನು ನನಗೆ. ನೀರು ಹೊತ್ತವಳಿಗೆ ಬೇಲಿ ಯಾಕಿಲ್ಲ ಎಂದು ಆಗ ನನ್ನ ಹೊಟ್ಟೆ ಉರಿದದ್ದು ನಿಜ. ಆಮೇಲೆ ಅವರ ಲೆಕ್ಕ ಅರ್ಥವಾಯಿತು. ಮರೆ ಒಬ್ಬರ ಕೈಯಲ್ಲಿ, ಮರೆಯಲ್ಲಿ ಬೆಳೆದದ್ದು ಇನ್ನೊಬ್ಬರ ಕೈಯಲ್ಲಿದ್ದರೆ ಇಬ್ಬರೂ ಮಾತು ಬಿಡುವುದಿಲ್ಲ ಅಂತ ಎಣಿಸಿದ್ದರು ಪಾಪ. ನೀನು ಎಂಥವನು ಅನ್ನುವುದೊಂದು ಅವರಿಗೆ ಗೊತ್ತಿರಲಿಲ್ಲ.

ನೀನು ಬಂದೆ. ಬೇಸಿಗೆ ಕಳೆಯಲು ಮನೆ ಕಟ್ಟಿಸಿದೆ, ಪಡುವಣಕ್ಕೆ ನೆಲದಿಂದ ಸೂರಿನವರೆಗೆ ಗಾಜಿನ ಗೋಡೆ. ಗಾಜಿನಾಚೆ ಕರಗಾನ ಅಡ್ಡ ನಿಂತಿತ್ತು. “ಇದೇನು ಜೆನ್ಯಾ, ಜೈಲಿನ ಗೋಡೆ ಇದ್ದಂಗಿದೆ. ಇಂಥಾ ಆಕಾಶ ಇಟ್ಕೊಂಡು ಪೊದೆ ನೋಡ್ಕೊಂಡು ಕೂರೋದಾ? ನಮ್ಕಡೆ ಜನ ನೋಟಕ್ಕೋಸ್ಕರ ಪ್ರಾಣ ಬಿಡ್ತಾರೆ.” ಪಕ್ಕದ ಹೊಲದ ಯುರ್ಕೋ ಅಲ್ಲೇ ಕೂತಿದ್ದ. ಅವನು ಟೋಪಿ ಸರಿಮಾಡಿಕೊಂಡು ಹೇಳಿದ, “ಇಲ್ಲೂ ಬಿಡ್ತಾರಪ್ಪ. ನೋಟ ಇದ್ರೆ ಏನ್ ಕಾಣ್ಸುತ್ತೆ ಹೇಳು, ನಾಳೆ ಬರೋ ಬಿರುಗಾಳಿ ಇವತ್ತೇ ಕಾಣ್ಸುತ್ತೆ.” ನೀನು ನಕ್ಕೆ. ಅವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ.

ನೀನು ಬೇಲಿ ಕೀಳಿಸುತ್ತೇನೆಂದೆ, ನಾನು ಬೇಡವೆಂದೆ. ಸಾಲದೆಂದು ನಿನ್ನ ಕೈ ಹಿಡಿದು ಬೇಡವೆಂದೆ. ಆಗ ನೀನು ನನ್ನನ್ನು ಎಬ್ಬಿಸಿಕೊಂಡು ಹೋಗಿ ಪಿಯರ್ ಮರದ ಕೆಳಗೆ ನಿಲ್ಲಿಸಿದೆ. ಅಪ್ಪನ ಪಿಯರ್ ಮರ, ಸುತ್ತಲ ಊರಿನಲ್ಲಿ ಬೇರೆ ಯಾರ ಅಂಗಳದಲ್ಲೂ ನಿಲ್ಲದ್ದು, ಯಾರ್ಕ್‌ಟನ್ನಿನಿಂದ ಜನ ಬಂದು ನೋಡಿ ಹೋಗುತ್ತಿದ್ದದ್ದು. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದೆ: “ನೋಡು, ಪಿಯರ್ ಹಣ್ಣು ಬಿಡೋ ಜಾಗ ಇದು. ಅಂದ್ರೆ ನೀವೆಲ್ಲ ಅಂದ್ಕೊಂಡಷ್ಟು ಚಳಿ ಇಲ್ಲಿಲ್ಲ. ಪಿಯರ್ ಬದುಕಿದ್ರೆ ನನ್ನ ಮರಾನೂ ಬದುಕ್ತವೆ. ಸುಮ್ನೆ ಹೆದರ್ಕೊಂಡು ಅರ್ಧ ಶತಮಾನ ಮುಳ್ಳಿನ ಹಿಂದೆ ಕೂತಿದೀರಿ.”

ನೆಸ್ಟರ್, ನಿನ್ನ ಕಸುಬಿನಲ್ಲಿ ಇದಕ್ಕೆ ಏನನ್ನುತ್ತಾರೋ. ಆ ಪಿಯರ್ ಬದುಕಿದ್ದೇ ಕರಗಾನದಿಂದ. ಬೇಲಿಯ ಮರೆಯ ಬೆಚ್ಚನೆಯನ್ನು ಬಯಲಿನ ಬೆಚ್ಚನೆ ಎಂದು ಓದಿ, ಆ ಓದನ್ನು ನಂಬಿ ಬೇಲಿಯನ್ನೇ ತೆಗೆಸಿದೆ. ಕಂಬಳಿಯೊಳಗೆ ಮಲಗಿದವನು ಚಳಿಯೇ ಇಲ್ಲವೆಂದು ಕಂಬಳಿ ಎತ್ತಿ ಎಸೆದ ಹಾಗೆ. ನಮ್ಮೂರಿನಲ್ಲಿ ಶಾಲೆ ಮೆಟ್ಟಿಲು ಹತ್ತದ ಮುದುಕಿಯೂ ಇದನ್ನು ಮಾಡುವುದಿಲ್ಲ.

ಅದೂ ಯಾವಾಗ ಮಾಡಿಸಿದೆ? ನಿನ್ನ ಭಾವ ಮೆಟ್ರೋನ ಮಂಡಿ ಚಿಕಿತ್ಸೆಗೆಂದು ನಾವಿಬ್ಬರೂ ಸಸ್ಕಟೂನಿಗೆ ಹೋಗಿದ್ದಾಗ. ನಾವು ಹೊರಡುವುದನ್ನೇ ನೀನು ಕಾಯುತ್ತಾ ಕೂತಿದ್ದೆ ಅಂತಲೇ ನನ್ನ ನಂಬಿಕೆ. ಅಲ್ಲವೆಂದು ನೀನು ನೂರು ಸಲ ಬರೆದರೂ ನಂಬುವುದಿಲ್ಲ. ಅಕ್ಟೋಬರಿನ ಮಧ್ಯಾಹ್ನ ವಾಪಸು ಬರುತ್ತಿದ್ದೆವು. ಹೆದ್ದಾರಿಯಿಂದ ನಮ್ಮ ಮನೆ ಎಂದೂ ಕಾಣುತ್ತಿರಲಿಲ್ಲ, ಕಪ್ಪಗೆ ಮರಗಳ ಗುಂಪು ಕಾಣುತ್ತಿತ್ತು ಅಷ್ಟೆ. ಆವತ್ತು ನನ್ನ ಅಡುಗೆಮನೆಯ ಕಿಟಕಿ ಕಂಡಿತು, ಅದಕ್ಕೆ ಹಾಕಿದ ಕೆಂಪು ಪರದೆ ಕಂಡಿತು. ಮೆಟ್ರೋ ಕಾರು ನಿಲ್ಲಿಸಲು ಹೇಳಿ, “ಜೆನ್ಯಾ, ನಾವು ದಾರಿ ತಪ್ಪಿದ್ವಾ?” ಅಂದ. ನನಗೆ ಮೈಮೇಲಿನ ಬಟ್ಟೆ ಯಾರೋ ಎಳೆದ ಹಾಗಾಯಿತು. ಬೇರುಗಳೆಲ್ಲ ಮೇಲೆ ಮಾಡಿಕೊಂಡು ಬೇಲಿಸಾಲು ಒಂದು ಕಡೆ ರಾಶಿಯಾಗಿ ಬಿದ್ದಿತ್ತು. ನೀನು ಅಲ್ಲಿಯೇ ನಿಂತು ಬುಲ್ಡೋಜರಿನವನಿಗೆ ಕಾಫಿ ಕೊಡುತ್ತಿದ್ದೆ.

“ನನ್ನ ಜಾಗ ಜೆನ್ಯಾ,” ಅಂದೆ. ಅಷ್ಟೇ ನಿನ್ನ ಸಮಾಧಾನ. ಆಮೇಲೆ ಲಾರಿಯಿಂದ ನಿನ್ನ ಮರಗಳು ಇಳಿದವು. ಜಪಾನಿ ಮೇಪಲ್, ಹೂವಿಗೆ ಮಾತ್ರ ಇರುವ ಚೆರ್ರಿ, ಮ್ಯಾಗ್ನೋಲಿಯಾ, ತಾಮ್ರದ ಬಣ್ಣದ ಬೀಚ್. ಒಂದೊಂದರ ಕೊರಳಿಗೂ ಹೆಸರಿನ ಚೀಟಿ. ಅವುಗಳನ್ನು ನೆಡಿಸಿ, ಹಿಂದೆ ನಿಂತು ತಲೆ ಓರೆ ಮಾಡಿ ನೋಡಿ, ನವೆಂಬರಿನ ಮೊದಲ ಹಿಮ ಬೀಳುವಷ್ಟರಲ್ಲಿ ನೀನು ಸಮುದ್ರದ ಕಡೆಗೆ ಹೊರಟುಹೋದೆ. ಚಳಿಗಾಲಕ್ಕೆ ಮರ ಆರಿಸಿದವನು ಚಳಿಗಾಲಕ್ಕೆ ನಿಲ್ಲಲಿಲ್ಲ.

ನಾವು ನಿಂತೆವು. ಕ್ರಿಸ್‌ಮಸ್ ಕಳೆದು ಒಂದು ವಾರಕ್ಕೆ ಸೊನ್ನೆಗಿಂತ ನಲವತ್ತೆರಡು ಡಿಗ್ರಿ ಕೆಳಗೆ ಹೋಯಿತು. ಅದೇನೂ ಹೊಸದಲ್ಲ, ಹಿಂದೆಯೂ ಹೋಗಿದೆ. ಆದರೆ ಈ ಸಲ ಗಾಳಿ ನೇರವಾಗಿ ತೋಟದೊಳಕ್ಕೆ ಬಂತು. ಹಿಮ ನೆಲದಲ್ಲಿ ನಿಲ್ಲಲೇ ಇಲ್ಲ. ಗುಡಿಸಿದ ಹಾಗೆ ಕೊಚ್ಚಿಕೊಂಡು ಹೋಗಿ ನನ್ನ ಕೊಟ್ಟಿಗೆಯ ಹಿಂದೆ ಬಿತ್ತು. ಚೆರ್ರಿ ಗಿಡಗಳ ಬುಡದಲ್ಲಿ ಕಪ್ಪು ಮಣ್ಣು ಕಾಣುತ್ತಿತ್ತು, ಜನವರಿಯಲ್ಲಿ. ಮಂಡಿ ಇನ್ನೂ ಮಾಗದ ಮೆಟ್ರೋ ಕೋಲೂರಿಕೊಂಡು ಸಲಿಕೆಯಲ್ಲಿ ಹಿಮ ತಂದು ಬುಡಕ್ಕೆ ಹಾಕುತ್ತಿದ್ದ. ಅವನು ಬೆನ್ನು ತಿರುಗಿಸುವಷ್ಟರಲ್ಲಿ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತಿತ್ತು. ನಾನು ಕಿಟಕಿಯಲ್ಲಿ ನಿಂತು ನಿನ್ನನ್ನು ಶಪಿಸಿದೆ. ಜೋರಾಗಿಯೇ ಶಪಿಸಿದೆ, ಅಮ್ಮನ ಕಾಲದ ಬೈಗುಳ ಒಂದೂ ಬಿಡಲಿಲ್ಲ.

ಮೇ ತಿಂಗಳಲ್ಲಿ ನಾವಿಬ್ಬರೂ ತೋಟ ನೋಡಲು ಹೋದೆವು. ಮರ ಬದುಕಿದೆಯಾ ಎಂದು ನೋಡುವುದು ನಿನಗೂ ಗೊತ್ತಿರಬೇಕು, ಹೆಬ್ಬೆರಳ ಉಗುರಿನಿಂದ ತೊಗಟೆ ಕೆರೆಯುವುದು. ಕೆಳಗೆ ಹಸಿರಿದ್ದರೆ ಜೀವವಿದೆ. ಮೆಟ್ರೋ ಕೆರೆಯುತ್ತಿದ್ದ, ನಾನು ಹಿಂದೆ.

“ಹಸಿರಿದೆಯಾ?”

“ಇಲ್ಲ ಕಣೇ. ಮುಂದಿನದು ನೋಡಣ.”

“ಅದರಲ್ಲಿ?”

“ಮುಂದಿನದು ನೋಡಣ.”

ಹೀಗೇ ಸಾಲು ಮುಗಿಯಿತು. ಕೊಟ್ಟಿಗೆಯ ಮರೆಯಲ್ಲಿ ಹಿಮ ಬಿದ್ದಿದ್ದ ಕಡೆ ಮಾತ್ರ ಕೆಲವು ಗಿಡ, ಅವೂ ಮೊಳಕಾಲೆತ್ತರದವರೆಗೆ ಹೂ ಬಿಟ್ಟು ಮೇಲೆಲ್ಲ ಕಡ್ಡಿ. ಆಗಸ್ಟಿನಲ್ಲಿ ಬಕೆಟ್ ಹಿಡಿದು ಹಣ್ಣು ಬಿಡಿಸಿಕೊಳ್ಳಲು ಬರುವ ಮನೆಗಳಿಗೆಲ್ಲ ಫೋನು ಮಾಡಿ ಬರಬೇಡಿ ಅಂದೆ. ಆ ತೋಟ ಬಿಟ್ಟರೆ ನಮಗೆ ಬೇರೆ ದುಡಿಮೆಯಿಲ್ಲ. ಪಿಯರ್ ಮರವನ್ನು ಕೊನೆಗಿಟ್ಟಿದ್ದೆ. ಅದನ್ನು ನಾನೇ ಕೆರೆದೆ. ತೊಗಟೆಯ ಕೆಳಗೆ ಕಂದು ಬಣ್ಣ, ಹಳೆಯ ಚಹಾದ ಹಾಗೆ. ಅಪ್ಪ ಸತ್ತ ದಿನ ಅಡುಗೆ ಕೆಲಸದಲ್ಲಿ ನನಗೆ ಅಳಲು ಪುರುಸೊತ್ತಿರಲಿಲ್ಲ. ಆ ಅಳುವನ್ನೂ ಸೇರಿಸಿ ಅಲ್ಲಿ ಅತ್ತೆ.

ನಿನ್ನ ಮರಗಳ ವಿಷಯ ಕೇಳಿದ್ದೀಯ. ಜಪಾನಿ ಮೇಪಲ್‌ಗಳು ನಿಂತಲ್ಲೇ ಪೊರಕೆಯಾಗಿವೆ. ಬೀಚ್ ಮರದ ತೊಗಟೆ ಮಾರ್ಚಿನ ಬಿಸಿಲಿಗೆ ಸಡಿಲಗೊಂಡು ರಾತ್ರಿಯ ಚಳಿಗೆ ಉದ್ದಕ್ಕೂ ಸೀಳಿದೆ. ಚೀಟಿಗಳು ಮಾತ್ರ ಚೆನ್ನಾಗಿವೆ, ಹೆಸರು ಓದಬಹುದು. ನಿನ್ನ ಗಾಜಿನ ಗೋಡೆಯ ಒಂದು ಹಲಗೆ ಒಡೆದಿತ್ತು. ಯುರ್ಕೋ ಪ್ಲೈವುಡ್ ಹೊಡೆದಿದ್ದಾನೆ. ನಿನಗಾಗಿ ಹೊಡೆದದ್ದಲ್ಲ, ಒಳಗೆ ಗಾಳಿ ನುಗ್ಗಿ ಸೂರು ಹಾರಿ ನಮ್ಮ ಮೇಲೆ ಬೀಳದಿರಲಿ ಅಂತ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಇಲ್ಲಿಗೆ ಮರ ಆರಿಸುವವನು ಜೂನಿನಲ್ಲಿ ಅದು ಹೇಗೆ ಕಾಣುತ್ತದೆ ಎಂದು ಕೇಳಬಾರದು. ಅದರ ತಾಯಿಮರ ಎಲ್ಲಿ ಬೆಳೆದದ್ದು ಎಂದು ಕೇಳಬೇಕು. ಓಕ್ ಆದರೂ ತೆಂಕಣದ ಬೀಜದ ಓಕ್ ಸೆಪ್ಟೆಂಬರು ಮುಗಿದರೂ ಎಲೆ ಉದುರಿಸದೆ ಮೆರೆಯುತ್ತಾ ನಿಂತಿರುತ್ತದೆ, ಮೊದಲ ಚಳಿಗೇ ಸಾಯುತ್ತದೆ. ಇಲ್ಲಿನ ಹಳ್ಳದ ದಂಡೆಯ ಓಕ್‌ಗೆ ಯಾವಾಗ ಬೆಳವಣಿಗೆ ನಿಲ್ಲಿಸಬೇಕೆಂದು ಗೊತ್ತು. ನಿಧಾನ, ಗಂಟುಗಂಟು, ನಿನ್ನ ಗಿರಾಕಿಗಳು ಮುಖ ಸಿಂಡರಿಸುವಂಥದು. ಅದು ಬೇಕು. ಬಿಳಿ ಸ್ಪ್ರೂಸ್ ಬೇಕು. ಎಲ್ಲಕ್ಕೂ ಮುಂದೆ, ಗಾಳಿಗೆ ಎದೆ ಕೊಟ್ಟು, ನೀನು ಜೈಲಿನ ಗೋಡೆ ಅಂದೆಯಲ್ಲ, ಆ ಕರಗಾನ ಬೇಕು. ಬೇರೆ ಯಾವ ಉತ್ತರವೂ ಇಲ್ಲ.

ಆದರೆ ನೀನು ಏನನ್ನೂ ಕೊಂಡು ತರಬೇಕಾಗಿಲ್ಲ. ಕಳೆದ ಶನಿವಾರ ನೆಟ್ಟಾಯಿತು. ನಿನ್ನ ಜಾಗದಲ್ಲಿ. ನಿನ್ನನ್ನು ಕೇಳಲಿಲ್ಲ, ಆ ಪದ್ಧತಿ ನಿನ್ನಿಂದಲೇ ಕಲಿತೆ. ಯುರ್ಕೋ ಟ್ರ್ಯಾಕ್ಟರಿಗೆ ಸಸಿ ನೆಡುವ ಯಂತ್ರ ಕಟ್ಟಿಕೊಂಡು ಬಂದ, ಚರ್ಚಿನ ಹೆಂಗಸರು ಬೋರ್ಷ್ ಸಾರಿನ ದೊಡ್ಡ ಪಾತ್ರೆ ಹೊತ್ತು ತಂದರು. ಬಡಗಣದ ಉದ್ದಕ್ಕೂ, ಆಮೇಲೆ ಪಡುವಣಕ್ಕೆ ತಿರುಗಿ, ನಿನ್ನ ಗಾಜಿನ ಗೋಡೆಯ ಮುಂದೆಯೂ ಮೂರು ಸಾಲು, ಎಲ್ಲೂ ಸಂದು ಬಿಟ್ಟಿಲ್ಲ. ನಿನ್ನ ಸತ್ತ ಮರಗಳನ್ನು ಕಿತ್ತು ಸುಟ್ಟು ಅದೇ ಬೆಂಕಿಯಲ್ಲಿ ಚಹಾ ಕಾಯಿಸಿದೆವು. ಪೊಲೀಸರಿಗೆ ದೂರು ಕೊಡಬೇಕೆಂದಿದ್ದರೆ ಕೊಡು. ಠಾಣೆಯ ಹಿರಿಯನ ಹೆಂಡತಿ ಇಡೀ ಮಧ್ಯಾಹ್ನ ಸಸಿ ಎಣಿಸಿ ಕೊಡುತ್ತಿದ್ದಳು.

ಮೆಟ್ರೋ ಕೇಳಿದ, “ಜೆನ್ಯಾ, ಇವು ಆಳೆತ್ತರ ಆಗೋಷ್ಟ್ರಲ್ಲಿ ನಾವು ಇರ್ತೀವಾ?” ನನಗೆ ಗೊತ್ತಿಲ್ಲ ಅಂದೆ. ಹೊಸ ಚೆರ್ರಿ ಸಸಿ ಮಾತ್ರ ಈ ಮರೆ ಬರುವವರೆಗೆ ಹಾಕುವುದಿಲ್ಲ. ಹಾಕುವ ವಯಸ್ಸು ನನಗೆ ಉಳಿಯುತ್ತದೋ ಇಲ್ಲವೋ, ಆ ವರ್ಷಗಳನ್ನು ನೀನು ಕಿತ್ತುಕೊಂಡಿದ್ದೀಯ. ಬಂದರೆ ಬಾಗಿಲು ತಟ್ಟಬೇಡ. ಸಸಿಗಳಿಗೆ ಈ ಬೇಸಿಗೆ ನೀರು ಬೇಕು, ಬಕೆಟ್ಟುಗಳನ್ನು ಕೊಟ್ಟಿಗೆಯ ಹೊರಗೆ ಇಟ್ಟಿರುತ್ತೇನೆ. ಹೊರುವುದಾದರೆ ಹೊರು, ಇಲ್ಲವಾದರೆ ನಾನಿದ್ದೇನೆ.

ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ, ನೆಸ್ಟರ್. ಮನಸ್ಸಿನಿಂದ ಹೇಳುತ್ತಿದ್ದೇನೆ. ಆ ಕರಗಾನ ನಿನ್ನ ಸೂರು ಮುಟ್ಟಿ, ಸೂರ್ಯ ಮುಳುಗುವುದು ನಿನ್ನ ಗಾಜಿನಲ್ಲಿ ಒಂದು ಚೂರೂ ಕಾಣದಂತಾಗುವ ದಿನದವರೆಗೂ ನೀನು ಬದುಕಿರು.

ನಿನ್ನ ಒಡಹುಟ್ಟಿದವಳು,
ಜೆನೋವಿಯಾ