ಐವತ್ತೈದು ನಿಮಿಷ

ಅಕ್ಕಾ,

ನೀನು ತೀರಿಕೊಂಡ ದಿನವೂ ಬಾರದವಳು ಇವತ್ತು, ಮೂರು ವಾರದ ಮೇಲೆ, ನಿನ್ನ ಮನೆಗೆ ಹೋಗಿದ್ದೆ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತು ದಿನಕ್ಕೆ ಹತ್ತು ಜನಕ್ಕೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ: ನಿಮ್ಮೂರಿಗೆ ಮುನ್ನೂರ ಹತ್ತು ಕಿಲೋಮೀಟರ್, ನೇರ ವಿಮಾನ, ಐವತ್ತೈದು ನಿಮಿಷ. ನಿನಗೆ ಮಾತ್ರ ಬೇರೆಯೇ ಹೇಳಿದೆ. ಎರಡು ಕಡೆ ವಿಮಾನ ಬದಲಿಸಬೇಕು, ಇಡೀ ದಿನ ಹಾಳು, ರಜೆ ಸಿಗಲಿ, ಬರ್ತೀನಿ ಎಂದೆ. ಕಾಯಿಲೆಯಲ್ಲಿ ಸೊರಗಿದ ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ. ನೀನು ಫೋನಿನಲ್ಲಿ, "ಆಗ್ಲಿ ಬಿಡೆ, ನೀನು ಹುಷಾರಾಗಿರು" ಎನ್ನುತ್ತಿದ್ದೆ.

ನಿನ್ನ ಮಗಳು ನೀರು ತಂದುಕೊಟ್ಟು, "ಎಷ್ಟು ಗಂಟೆಗೆ ಹೊರಟ್ರಿ ಚಿಕ್ಕಮ್ಮ?" ಎಂದು ಕೇಳಿದಳು.

"ಒಂಬತ್ತಕ್ಕೆ" ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ಅವಳು ಗಡಿಯಾರ ನೋಡಿದಳು. ಹನ್ನೊಂದೂ ಆಗಿರಲಿಲ್ಲ.

"ಇಡೀ ದಿನ ಬೇಕು ಅಂತ ಅಮ್ಮ ಹೇಳ್ತಿದ್ಲು. ಹತ್ತು ಗಂಟೆಗೆ ನಮ್ಮ ಮನೆ ಮೇಲೆ ಒಂದು ವಿಮಾನ ಹೋಗುತ್ತಲ್ಲ, ಅದು ಚಿಕ್ಕಮ್ಮನ ಊರಿಂದ ಬರೋದಾ ಅಂತ ಕೇಳಿದ್ರೆ, ಅಲ್ಲ, ಬೇರೆ ಊರಿನದು ಅಂತಿದ್ಲು. ಆದ್ರೂ ದಿನಾ ತಾರಸಿಗೆ ಹೋಗಿ ನೋಡ್ತಿದ್ಲು."

ನೀರಿನ ಲೋಟ ಕೆಳಗಿಟ್ಟೆ. "ಈ ನೇರ ವಿಮಾನ ಈಗಷ್ಟೇ ಶುರುವಾಗಿದೆ ಪುಟ್ಟಿ" ಎಂದೆ.

ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಭಾವ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಮಗು ನಂಬಿತು.

"ಹೋದ ತಿಂಗಳೇ ಶುರುವಾಗಿದ್ರೆ ನೀವು ಬಂದೇ ಬರ್ತಿದ್ರಿ, ಅಲ್ವಾ ಚಿಕ್ಕಮ್ಮ?" ಎಂದಳು.

ಹೂಂ ಎಂದೆ ಅಕ್ಕಾ.