ಖಂಫಾಯ್ ಅಜ್ಜಿಯ ಮರೆವಿನ ಪರೀಕ್ಷೆ

ಮಾರ್ಚ್ 4, ಸೋಮವಾರ
ಇವತ್ತೂ ನಮ್ಮ ಸಣ್ಣ ಆಸ್ಪತ್ರೇಲಿ ಹನ್ನೊಂದು ಜನರ ಮರೆವಿನ ತಪಾಸಣೆ, ನರ್ಸ್ ನಾನೊಬ್ಬಳೇ. ಕೊನೆಗೆ ಬಂದವರು ಬಸ್ ಸ್ಟ್ಯಾಂಡಿನಲ್ಲಿ ಸುಟ್ಟ ಕೋಳಿ, ಅಂಟಕ್ಕಿ ಅನ್ನ ಮಾರುವ ಖಂಫಾಯ್ ಅಜ್ಜಿ. ಈಚೆಗೆ ಎಲ್ಲ ಮರೀತಾಳೆ ಅಂತ ಗಂಡ ಬುನ್‌ಥಾನ್ ತಾತನೇ ಕರಕೊಂಡು ಬಂದದ್ದು. ಪಾಪ, ತಾತನ ಮುಖ ಬಾಡಿಹೋಗಿತ್ತು. ಅಜ್ಜಿಗೆ ಮೂವತ್ತಕ್ಕೆ ಒಂಬತ್ತು. ಆದರೆ ಪ್ರಶ್ನೆಗಳೆಲ್ಲ ಬ್ಯಾಂಕಾಕಿನ ಥಾಯ್ ಭಾಷೆಯಲ್ಲಿ. ಚಿತ್ರಗಳು ನೋಡಿದರೆ ಪಿಯಾನೊ, ಒಂಟೆ... ನಮ್ಮ ರೋಯಿಎತ್ ಜಿಲ್ಲೆ ಕಡೆ ಒಂಟೆ ಕಂಡವರು ಯಾರು? ಈ ಅಂಕ ನಂಬಲಾರೆ.

ಮಾರ್ಚ್ 21
ತಪಾಸಣೆಯ ಹೊಸ ಚಿತ್ರದ ಕಾರ್ಡು ಬಂತು. ನಮ್ಮ ಈಶಾನ್ಯ ಸೀಮೆಯ ಇಸಾನ್ ಮಾತು, ನಮ್ಮ ಸಾಮಾನು — ಒರಳು, ಎಮ್ಮೆ, ಮೀನಿನ ಬಲೆ. ಅಜ್ಜಿಯನ್ನ ಮತ್ತೆ ಕರೆಸಿದೆ. ತಾತ ಹೊರಗೆ ಬೆಂಚಿನಲ್ಲಿ. ಅಂಟಕ್ಕಿ ಬೇಯಿಸುವ ಬುಟ್ಟಿಯ ಚಿತ್ರ ತೋರಿಸಿದೆ. ತುಂಬ ಯೋಚಿಸಿದವರ ಹಾಗೆ ಮಾಡಿ, ಗೊತ್ತಿಲ್ಲ ಅಂದರು. ಹತ್ತು ನಿಮಿಷದ ಹಿಂದೆ, ಬುಟ್ಟಿ ಒಲೆ ಮೇಲಿಡಬೇಕು, ಬೇಗ ಬಿಡು ಅಂತ ಅವಸರ ಮಾಡಿದವರು ಇವರೇ!
"ನಾಟಕ ಯಾಕಜ್ಜಿ?"
ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮರೆವು ಅವನದು ಮಗಳೇ. ಹೋದ ತಿಂಗಳು ಸಂತೆಯಿಂದ ಮನೆ ದಾರಿ ಸಿಗಲಿಲ್ಲ ಅವನಿಗೆ. ಆಸ್ಪತ್ರೆಗೆ ಬಾ ಅಂದ್ರೆ ಬರಲ್ಲ. ನನಗೆ ಹುಷಾರಿಲ್ಲ ಅಂದ್ರೆ ಓಡಿ ಬರ್ತಾನೆ."
ಬೈಯೋಣ ಅಂದುಕೊಂಡೆ. ಆಗಲಿಲ್ಲ.

ಮಾರ್ಚ್ 22
ಇಬ್ಬರನ್ನೂ ಮತ್ತೆ ಕರೆಸಿದೆ. ಅಜ್ಜಿಗೆ ಪರೀಕ್ಷೆ ಅಂದ್ರೆ ಭಯ, ಮೊದಲು ನೀವು ಮಾಡಿ ತೋರಿಸಿ ಅಂದೆ ತಾತನಿಗೆ. ಎದೆಯುಬ್ಬಿಸಿ ಕೂತರು. ಎಮ್ಮೆ ಹೇಳಿದರು, ಬಲೆ ಹೇಳಿದರು, ಬಲೆ ಹೆಣೆಯೋದನ್ನೂ ಕಲಿಸಿದರು. ಆದರೆ ನೆನಪಿಡಿ ಎಂದ ಮೂರು ಪದದಲ್ಲಿ ಒಂದೂ ಉಳಿದಿರಲಿಲ್ಲ. ಇದು ಯಾವ ತಿಂಗಳು ಅಂದೆ. ಆಸ್ಪತ್ರೇಲಿ ಕ್ಯಾಲೆಂಡರ್ ಇಲ್ಲವಾ ಅಂತ ನನ್ನನ್ನೇ ಛೇಡಿಸಿದರು. ಅಜ್ಜಿ ನಗಲಿಲ್ಲ.
ಮರೆವು ನಿಮಗೇ ಅಂತ ತಾತನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ದೊಡ್ಡ ಡಾಕ್ಟರಿಗೆ ತೋರಿಸೋಣ ಅಂದೆ. ತಾತ ಅಜ್ಜಿಯ ಕಡೆ ತಿರುಗಿದರು —
"ಹಾಗಾದ್ರೆ ನಿನಗೇನೂ ಆಗಿಲ್ವಾ?"
"ಇಲ್ಲ."
"ಸದ್ಯ," ಅಂದರು. ಎರಡು ಸಲ ಅಂದರು. ನಾನು ಎದ್ದು ಹೋಗಿ ಬೀರುವಿನಲ್ಲಿ ಏನೋ ಹುಡುಕಿದೆ.

ಮೇ 13
ತಾತನಿಗೆ ಮಾತ್ರೆ ಶುರುವಾಗಿ ತಿಂಗಳಾಯಿತು. ಈಗ ಇಡೀ ದಿನ ಅಜ್ಜಿಯ ಪಕ್ಕದಲ್ಲೇ ಕೂತು ಕೋಳಿ ತಿರುವುತ್ತಾರೆ. ಒಂದೆರಡು ಕರಕಲು. ಅಜ್ಜಿ ಬೈದುಕೊಂಡೇ ಆ ಕರಕಲನ್ನ ತಾವೇ ತಿನ್ನುತ್ತಾರಂತೆ.
ಇವತ್ತು ಬಾಗಿಲು ತೆಗೆಯುವ ಮೊದಲೇ ಖಂಫಾಯ್ ಅಜ್ಜಿಯ ಬೀದಿಯ ನಾಲ್ವರು ಅಜ್ಜಿಯರು. ನಾಲ್ವರಿಗೂ ಮರೆವಂತೆ. ನಾಲ್ವರ ಹಿಂದೆಯೂ ಗಾಬರಿಯಾದ ಗಂಡ. ಅಜ್ಜಿಯರ ಮುಖ ನೋಡಿದೆ, ಒಬ್ಬರೂ ನನ್ನ ಕಣ್ಣಿಗೆ ಕಣ್ಣು ಸೇರಿಸಲಿಲ್ಲ. ಕುರ್ಚಿ ಎರಡು ಹಾಕಿಸಿ, ಮೊದಲನೆಯ ಅಜ್ಜಿಯನ್ನ ಕರೆದು, ಅವರ ಗಂಡನಿಗೆ, "ತಾತ, ನೀವೂ ಒಳಗೆ ಬನ್ನಿ" ಅಂದೆ.