ತೂಕದ ಮೇಲಿನ ತುಂಡು

ಮಾರ್ಕೆಟ್ ಸರ್ಕಲ್, ತಕೋರಾಡಿ
ಫೆಬ್ರವರಿ 19

ಪ್ರೀತಿಯ ಅಮ್ಮಾ,

‘ಬೆಲೆ ಹಡಗಿಂದು ಕಣೋ, ತೂಕ ತಕ್ಕಡೀದು’ ಎಂದು ಹೇಳಿದ ಮೇಲೆ ಇನ್ನೇನೋ ಒಂದು ಮಾತು ಸೇರಿಸುತ್ತಿದ್ದೆಯಲ್ಲ, ಆ ಉಳಿದರ್ಧ ಏನೆಂದು ಒಂದು ತಿಂಗಳಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಅದು ಇರಲಿ. ಮೊಣಕಾಲು ಹೇಗಿದೆ? ತಂಗಿ ಎಕುವಾಳ ಅವಳಿ ಮಕ್ಕಳು ರಾತ್ರಿ ನಿನ್ನನ್ನು ಮಲಗಲು ಬಿಡುತ್ತಾರೆಯೇ? ಹ್ಯಾಂಬರ್ಗಿನ ಚಳಿಯನ್ನು ನೀನು ಫೋನಿನಲ್ಲಿ ಬೈದದ್ದನ್ನು ಬಾಬಾ ಇಸ್ಸಾನಿಗೆ ಹೇಳಿದೆ. ಅಂಗಡಿಯಲ್ಲಿ ಹೆಪ್ಪುಗಟ್ಟಿದ ಮಾಂಸ ಕೊಯ್ಯುತ್ತಿದ್ದವನು ಗರಗಸ ನಿಲ್ಲಿಸಿ ನಕ್ಕ. ‘ಮೂವತ್ತು ವರ್ಷ ಫ್ರೀಜರ್ ಒಳಗೆ ತಲೆ ಹಾಕ್ಕೊಂಡಿದ್ದೋರಿಗೆ ಚಳೀನಾ? ನಂಬಲ್ಲಪ್ಪ’ ಎಂದ. ನಿನ್ನ ಮೆಣಸಿನ ಚಟ್ನಿಯನ್ನೂ ಹೊಗೆ ಹಾಕಿದ ಮೀನನ್ನೂ ಪಾದ್ರಿಯ ಹೆಂಡತಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಕಾಗದವೂ ಅದರ ಜೊತೆಗೇ ಬರುತ್ತದೆ. ಕನ್ನಡಕ ಸಿಗದೆ ಎಕುವಾಳ ಹತ್ತಿರ ಓದಿಸಿದರೆ, ಎಕುವಾ, ದಯವಿಟ್ಟು ನಡುನಡುವೆ ನಿನ್ನ ಅಭಿಪ್ರಾಯ ಸೇರಿಸಬೇಡ.

ಫೋನಿನಲ್ಲಿ ನೀನು ಕುರಿಮಾಂಸ ಕಿಲೋಗೆ ಎಷ್ಟು ಎಂದು ಕೇಳುತ್ತೀಯ, ನಾನು ಹೇಳುತ್ತೇನೆ, ಮಗು ಅಳುತ್ತದೆ, ಮಾತು ಮುಗಿಯುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಹೊರಡುವ ದಿನ ನೀನು, ಈಸ್ಟರಿಗೆ ಬಂದವಳೇ ಅಂಗಡಿಯನ್ನು ಎದುರಿನ ಮಾಂಸದಂಗಡಿಯ ಆರ್ಥರ್‌ಗೆ ಬಾಡಿಗೆಗೆ ಕೊಟ್ಟುಬಿಡುತ್ತೇನೆ, ಅಲ್ಲಿಯವರೆಗೆ ಹಾಳು ಮಾಡದಿದ್ದರೆ ಸಾಕು ಎಂದಿದ್ದೆ. ನನಗೂ ಒಪ್ಪಿಗೆಯೇ ಇತ್ತು. ಪ್ರೆಸ್ಸು ಮುಚ್ಚಿದ ಮೇಲೆ ಬೆಳಗಿನ ಹೊತ್ತು ಎಲ್ಲಾದರೂ ಕೂರಬೇಕಿತ್ತು, ಕೂತೆ. ಆದರೆ ಹಾಳು ಮಾಡಿದೆ. ಹೇಗೆ ಎಂದು ಹೇಳುತ್ತೇನೆ, ಸಿಟ್ಟಾಗಬೇಡ.

ನೀನು ಹೋದಾಗ ಕಿಲೋ ಅರವತ್ತೆಂಟು ಸೆಡಿ ಇತ್ತು. ಕ್ರಿಸ್ಮಸ್ಸಿಗೆ ಎಪ್ಪತ್ತೊಂಬತ್ತಾಯಿತು. ಜನವರಿಯಲ್ಲಿ ತೆಮಾ ಬಂದರಿನಿಂದ ಬಂದ ಲಾರಿಯವನು ಪೆಟ್ಟಿಗೆಗಳನ್ನು ಇಳಿಸುವ ಮೊದಲೇ ಡಾಲರಿನ ವಿಷಯ ತೆಗೆದ. ತೊಂಬತ್ತೊಂದು. ಅದೇ ನ್ಯೂಜಿಲೆಂಡಿನ ಕುರಿ, ಅದೇ ನೀಲಿ ಪಟ್ಟಿಯ ರಟ್ಟಿನ ಪೆಟ್ಟಿಗೆ. ಬೆಳಿಗ್ಗೆ ಆರರಿಂದ ಬಂದ ಒಬ್ಬೊಬ್ಬ ಹೆಂಗಸೂ ಈ ಬೆಲೆಯನ್ನು ಪ್ರಪಂಚದಲ್ಲಿ ಮೊದಲ ಸಲ ಕೇಳುವವಳಂತೆ ಕೇಳಿ, ಎದೆ ಮುಟ್ಟಿಕೊಂಡು, ನನ್ನನ್ನು ಕಳ್ಳ ಎಂದು ಕರೆದು, ನನ್ನ ಬಾಲ್ಯವನ್ನು ನೆನಪಿಸಿ, ಕೊನೆಗೆ ಕೊಳ್ಳುತ್ತಿದ್ದಳು. ನನಗೆ ಸಾಕಾಯಿತು. ಇಪ್ಪತ್ತಾರು ವರ್ಷ ಅಚ್ಚಿನ ಮೊಳೆ ಜೋಡಿಸಿದವನು ನಾನು. ಬರೆದದ್ದು ಜಗಳವಾಡುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಒಂದು ಹಲಗೆಗೆ ಬಿಳಿ ಬಣ್ಣ ಹೊಡೆದು, ಕೆಂಪಿನಲ್ಲಿ ಬರೆದೆ: ‘ಕುರಿಮಾಂಸ, ಕಿಲೋ 91. ಎಲ್ಲರಿಗೂ ಒಂದೇ ಬೆಲೆ. ಕೊಸರು ಇಲ್ಲ.’ ಅಕ್ಷರಗಳು ಚೆನ್ನಾಗಿ ಬಂದಿದ್ದವು. ಅಷ್ಟು ನ್ಯಾಯವಾದ ಬೆಲೆಯ ಮೇಲೆ ಮತ್ತೆ ಒಂದು ತುಂಡು ಎಸೆಯುವುದು ನಮ್ಮಿಬ್ಬರಿಗೂ ಅವಮಾನ ಎಂದು ಆಗ ನನಗೆ ಅನ್ನಿಸಿತ್ತು. ನಿನ್ನ ಅಂಗಡಿಯಲ್ಲಿ ನಾನು ನನ್ನದೆಂದು ಮಾಡಿದ ಮೊದಲ ಕೆಲಸ ಅದು.

ಮೊದಲು ಓದಿದವಳು ಮಾನ್ಸಾ ಆಂಟಿ. ಇಪ್ಪತ್ತೆರಡು ವರ್ಷದಿಂದ ತನ್ನ ಫುಫು ಮುದ್ದೆಯ ಹೋಟೆಲಿಗೆ ನಿನ್ನಿಂದಲೇ ಮಾಂಸ ಒಯ್ಯುವ ಮಾನ್ಸಾ ಆಂಟಿ. ತಲೆಯ ಮೇಲಿನ ಬೋಗುಣಿ ಇಳಿಸಲಿಲ್ಲ. ಎರಡು ಸಲ ಓದಿದಳು.

‘ಎಬೋ, ಇದನ್ನ ಯಾರಿಗೆ ಬರ್ದಿದೀಯಪ್ಪ?’

‘ಎಲ್ಲರಿಗೂ, ಆಂಟಿ.’

‘ಎಲ್ಲರಿಗೂ ಅಂದ್ರೆ ನನಗಲ್ಲ ಬಿಡು,’ ಎಂದು ರಸ್ತೆ ದಾಟಿ ಆರ್ಥರ್ ಅಂಗಡಿಗೆ ಹೋದಳು.

ಆರ್ಥರ್‌ದು ಕಿಲೋ ತೊಂಬತ್ತಮೂರು. ಅದು ಅವಳಿಗೆ ಗೊತ್ತಿತ್ತು. ನಾನು ನೋಡುತ್ತಿದ್ದೇನೆಂದೂ ಗೊತ್ತಿತ್ತು. ಒಂದು ವಾರದಲ್ಲಿ ಉಳಿದ ಹೋಟೆಲಿನ ಹೆಂಗಸರೂ ಆ ಕಡೆಯವರಾದರು. ನನ್ನ ಹಲಗೆಯ ಮುಂದೆ ಹಾದುಹೋಗುವಾಗ ಒಬ್ಬಳು ಅದಕ್ಕೇ ಕೈಮುಗಿದು, ‘ಬೋರ್ಡಪ್ಪಾ, ಹೇಗಿದೀರಿ? ಮನೇಲೆಲ್ಲ ಸೌಖ್ಯವಾ?’ ಎಂದಳು. ಅದು ಉತ್ತರ ಕೊಡುವವರೆಗೆ ಕಾದಳು ಕೂಡ. ಫ್ರೀಜರುಗಳು ತುಂಬಿಯೇ ಇದ್ದವು. ವಿದ್ಯುತ್ತು ಹೋದಾಗಲೆಲ್ಲ ನಾನೂ ಬಾಬಾನೂ ಮುಚ್ಚಳದ ಮೇಲೆ ಕಂಬಳಿ ಹೊದಿಸಿ, ಕಾಯಿಲೆಯವರ ಪಕ್ಕ ಕೂತಂತೆ ಕೂರುತ್ತಿದ್ದೆವು. ಆರ್ಥರ್ ದಿನಕ್ಕೊಮ್ಮೆ ಬಂದು ಬಾಗಿಲಿನ ಅಗಲವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದ. ‘ಅಮ್ಮ ಈಸ್ಟರಿಗೆ ಬರ್ತಾರಂತಲ್ಲ, ಪಾಪ, ನೀನೂ ಸುಸ್ತಾಗಿದೀಯ’ ಎನ್ನುತ್ತಿದ್ದ. ವಿಚಿತ್ರವೆಂದರೆ, ನನಗೆ ಬೇಕಾಗಿಲ್ಲ ಎಂದುಕೊಂಡಿದ್ದ ಈ ಅಂಗಡಿಯ ಬಾಗಿಲನ್ನು ಅವನು ಹಾಗೆ ನೋಡಿದಾಗಲೆಲ್ಲ ನಾನು ಎದ್ದು ಹೋಗಿ ಅದಕ್ಕೆ ಅಡ್ಡ ನಿಲ್ಲುತ್ತಿದ್ದೆ. ಯಾಕೆಂದು ನನ್ನನ್ನೇ ಕೇಳಿಕೊಳ್ಳುವುದನ್ನು ಮುಂದೂಡುತ್ತಲೂ ಇದ್ದೆ.

ಅಂಥದೊಂದು ಮಧ್ಯಾಹ್ನ ಕಂಬಳಿಯ ಮೇಲೆ ಕೂತು ಬಾಬಾನನ್ನು ಕೇಳಿದೆ: ಬೆಲೆ ಹಡಗಿಂದು, ತೂಕ ತಕ್ಕಡೀದು, ಆಮೇಲೆ ಅಮ್ಮ ಏನು ಹೇಳುತ್ತಿದ್ದಳು? ‘ಏನೂ ಹೇಳ್ತಿರ್ಲಿಲ್ವಲ್ಲ’ ಎಂದ ಬಾಬಾ. ‘ಅಷ್ಟು ಹೇಳೋ ಹೊತ್ತಿಗೆ ಕೈ ಫ್ರೀಜರ್ ಒಳಗೆ ಹೋಗಿರ್ತಿತ್ತು. ಕತ್ತಿನ ತುಂಡು ತೆಗ್ದು ಚೀಲಕ್ಕೆ ಹಾಕೋರು. ತಕ್ಕಡಿ ಕಡೆ ನೋಡ್ತಾನೂ ಇರ್ಲಿಲ್ಲ.’

ಮೂವತ್ತು ವರ್ಷ ಆ ಮಾತನ್ನು ಕೇಳಿದವನು ನಾನು. ಕೈಯನ್ನು ನೋಡಿರಲಿಲ್ಲ. ಸಾಲು ಓದಿ, ಪುಟ ಬಿಟ್ಟಂತೆ.

ಹಲಗೆ ಇಳಿಸಿದೆ. ಮರುದಿನ ಮಧ್ಯಾಹ್ನ ಮಾನ್ಸಾ ಆಂಟಿಯ ಹೋಟೆಲಿಗೆ ಊಟಕ್ಕೆ ಹೋದೆ. ಇಷ್ಟು ವರ್ಷ ಅಲ್ಲಿ ಉಂಡೇ ಇರಲಿಲ್ಲ ಎಂಬುದು ಬೆಂಚಿನ ಮೇಲೆ ಕೂತಾಗಲೇ ಹೊಳೆದದ್ದು. ಅವಳು ಫುಫು ಇಟ್ಟಳು, ಅದರ ಮೇಲೆ ಸಾರು ಹೊಯ್ದಳು, ನಾನು ಕೇಳಿದಷ್ಟು ಎರಡು ತುಂಡು ಮಾಂಸ ಹಾಕಿದಳು. ಹೋಗಿ, ಮತ್ತೆ ತಿರುಗಿ ಬಂದು, ಸೌಟಿನಿಂದ ಇನ್ನೊಂದು ತುಂಡು ಬಿಟ್ಟಳು.

‘ಇದು ಕೊಸರು. ನಮ್ಮ ಬೋರ್ಡಲ್ಲಿ ಬರ್ದಿಲ್ಲ.’

ಬೆಂಚು ಪೂರ್ತಿ ನಕ್ಕಿತು. ಬಂದರಿನ ಕೂಲಿಯವನೊಬ್ಬ, ‘ತಿನ್ನಪ್ಪ, ಎಲ್ಲರಿಗೂ ಒಂದೇ ಬೆಲೆ’ ಎಂದ. ನಾನೂ ನಕ್ಕೆ, ಮೆಣಸು ನೆತ್ತಿಗೇರಿತು. ಆ ತುಂಡು ಆರ್ಥರ್‌ನ ಫ್ರೀಜರಿನದು ಅಮ್ಮಾ, ಆದರೂ ಬಹಳ ರುಚಿಯಾಗಿತ್ತು. ಸುಳ್ಳು ಹೇಳಲಾರೆ.

ನಿನ್ನೆ ಬೆಳಿಗ್ಗೆ ಆರೂಕಾಲಿಗೆ ಅವಳು ಬಂದು ಬೋಗುಣಿ ಇಳಿಸಿದಳು. ಬೆಲೆ ಹೇಳಬೇಕೆಂದು ಬಾಯಿ ತೆರೆದವನು ತಡೆದುಕೊಂಡು, ನೀನು ಕೇಳುತ್ತಿದ್ದಂತೆ, ಇವತ್ತು ಯಾರ ಬಾಯಿಗೆ ಎಂದು ಕೇಳಿದೆ. ಅಳಿಯ ತಾರ್ಕ್ವಾದಿಂದ ಬರುತ್ತಾನಂತೆ. ಗಣಿಯಲ್ಲಿ ಕೆಲಸ, ಮೂಳೆಯನ್ನೂ ಬಿಡುವವನಲ್ಲ. ಮಗಳು ಬಸುರಿ. ಅಲ್ಲಿಂದ ಚೌಕಾಸಿ ಶುರುವಾಯಿತು. ಎಂಬತ್ತು ಎಂದಳು, ನಾನು ಎದೆ ಮುಟ್ಟಿಕೊಂಡೆ. ನನ್ನ ಬಾಲ್ಯ ಬಂತು, ಏಳನೇ ವಯಸ್ಸಿನಲ್ಲಿ ಅವಳ ಹಿತ್ತಲಿನ ಪಪ್ಪಾಯಿ ಕದ್ದದ್ದು ಬಂತು. ಮುಕ್ಕಾಲು ಗಂಟೆಯ ಮೇಲೆ ಹನ್ನೆರಡು ಕಿಲೋಗೆ ತೊಂಬತ್ತೊಂದರ ಲೆಕ್ಕದಲ್ಲೇ ಹಣ ಕೊಟ್ಟು, ಗೆದ್ದವಳಂತೆ ನಿಂತಳು. ಬಾಬಾ ಗರಗಸ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಫ್ರೀಜರಿಗೆ ಕೈ ಹಾಕಿ, ನೋಡದೆ ಹುಡುಕಿ, ಕತ್ತಿನ ತುಂಡೊಂದನ್ನು ಚೀಲಕ್ಕೆ ಹಾಕಿದೆ. ಬೆರಳು ಮರಗಟ್ಟಿತು. ಅವಳು ಅದನ್ನು ಹೊರತೆಗೆದು ಅಂಗೈಯಲ್ಲಿ ತೂಗಿ, ‘ನಿಮ್ಮಮ್ಮಂದು ಇದಕ್ಕಿಂತ ದೊಡ್ಡದಿರ್ತಿತ್ತು’ ಎಂದಳು. ‘ಪರ್ವಾಗಿಲ್ಲ. ಕಲೀತೀಯ.’

ಇವತ್ತು ಅವಳ ಹಿಂದೆಯೇ ಇನ್ನೂ ನಾಲ್ವರು ಬಂದರು. ನಾಲ್ವರೂ ನನ್ನನ್ನು ಕಳ್ಳ ಎಂದರು. ಇಷ್ಟು ಸಮಾಧಾನವಾದ ಬೆಳಗು ನನಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ. ಹಲಗೆ ಈಗ ಬಾಬಾನ ಊಟದ ಮಣೆ. ಬರೆದ ಮುಖ ಕೆಳಗಿದೆ.

ಅವಳಿಗಳ ನೆತ್ತಿಗೆ ನನ್ನ ಮುತ್ತು ಹೇಳು. ಕಾಲಿಗೆ ಬೆಚ್ಚಗಿನ ಕಾಲುಚೀಲ ಹಾಕಿಕೋ, ಎಕುವಾಳ ಮೇಲೆ ರೇಗಬೇಡ. ನೀನು ಹಾರಿ ಬರುವ ದಾರಿಯನ್ನು ದೇವರು ಕಾಯಲಿ.

ನಿನ್ನ ಮಗ,
ಎಬೋ

ಇನ್ನೊಂದು ಮಾತು. ಪಾದ್ರಿಯ ಹೆಂಡತಿಯ ಟ್ಯಾಕ್ಸಿ ಹೊರಗೆ ಹಾರ್ನ್ ಹಾಕುತ್ತಿದೆ, ಅಕ್ಷರ ಕೆಟ್ಟರೆ ಕ್ಷಮಿಸು. ಆರ್ಥರ್ ಬಾಡಿಗೆಯ ಕಾಗದ ಬರೆಸಿಕೊಂಡು ಬಂದಿದ್ದ, ನೀನು ಫೋನಿನಲ್ಲಿ ಹೂಂ ಅಂದಿದ್ದೀಯಂತೆ. ಕೀಲಿ ಕೇಳಿದ. ಎಲ್ಲಿಟ್ಟಿದ್ದೇನೋ ಮರೆತಿದೆ ಎಂದೆ. ಅದು ನನ್ನ ಜೇಬಿನಲ್ಲೇ ಇದೆ. ಅಂಗಡಿಯಲ್ಲಿ ನೀನು ಕೂರುವ ಕುರ್ಚಿ ನಿನ್ನದೇ ಅಮ್ಮಾ, ಅದರ ವಿಷಯ ಅಲ್ಲ. ಅದರ ಪಕ್ಕ, ಫ್ರೀಜರಿಗೆ ಕೈ ಎಟಕುವಷ್ಟು ಹತ್ತಿರ ಒಂದು ಸ್ಟೂಲು ಹಾಕಿಕೊಂಡರೆ, ಈಸ್ಟರಿನ ನಂತರವೂ ಬೆಳಿಗ್ಗೆ ಆರಕ್ಕೆ ನಾನು ಬಂದು ಕೂರಬಹುದೇ?